ಹಳೆಯ ಮಿಯಾಟಾಕ್ಕೆ ಹೊಸ ಸ್ಪ್ರಿಂಗ್

ಡೆಟ್ರಾಯಿಟ್ ಹತ್ತಿರದ ಊರಿನಲ್ಲಿರುವ ನನ್ನ ಗೆಳೆಯನ ಬಳಿ 1990ರ ಮಾಜ್ದಾ ಮಿಯಾಟಾ ಇದೆ. ಎರಡೇ ಸೀಟಿನ, ಮಾಡು ಮಡಚುವ ಪುಟ್ಟ ಕಾರು. ಚಳಿಗಾಲವಿಡೀ ಹೊದಿಕೆಯಡಿ ಮಲಗಿದ್ದ ಅದಕ್ಕೆ ಅವನು ಒಂದು ವಸಂತದಲ್ಲಿ ಗಿಡ್ಡ ಸ್ಪ್ರಿಂಗ್ ಹಾಕಿಸಿದ. ಕಾರು 3 ಸೆಂ.ಮೀ. ಕೆಳಗಿಳಿಯಿತು. ನೋಡಲು ಚೆಂದ, ನಿಜ. ಆದರೆ ರಸ್ತೆಗಿಳಿಸಿದರೆ ಪ್ರತಿ ಹೊಂಡಕ್ಕೂ ಧಡ್ ಎಂದು ಬೆನ್ನುಮೂಳೆಗೇ ಏಟು. ಮಿಶಿಗನ್ನಿನಲ್ಲಿ ಹೊಂಡಗಳಿಗೇನೂ ಬರವಿಲ್ಲ. ಟಾರಿನ ಬಿರುಕಿಗಿಳಿದ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಮಾರ್ಚ್ ಬರುವಷ್ಟರಲ್ಲಿ ರಸ್ತೆ ಕಿತ್ತುಹೋಗಿರುತ್ತದೆ.

ಏನಾಗುತ್ತಿದೆ ಎಂದು ನೋಡಲು ಒಂದು ಸರಳ ಉಪಾಯವಿದೆ. ಸ್ಪ್ರಿಂಗಿನ ಜೊತೆಗೇ ಇದ್ದು ಅದರ ಕುಣಿತ ತಡೆಯುವ ಶಾಕ್ ಅಬ್ಸಾರ್ಬರಿನ ಹೊಳೆಯುವ ಸರಳಿಗೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಸುತ್ತಿ, ಕೆಳಗಿನ ಕೊಳವೆಗೆ ತಾಗುವಂತೆ ಸರಿಸಿಡುವುದು. ಚಕ್ರ ಮೇಲೆ ಹಾರಿದಾಗ ಸರಳು ಕೊಳವೆಯೊಳಗೆ ಇಳಿಯುತ್ತದೆ, ಕೊಳವೆಯ ಅಂಚು ಟೈಯನ್ನು ಮೇಲಕ್ಕೆ ತಳ್ಳುತ್ತದೆ. ಚಕ್ರ ಅತಿ ಹೆಚ್ಚು ಎಷ್ಟು ಎದ್ದಿತ್ತು ಎಂಬುದಕ್ಕೆ ಅದೇ ಗುರುತು. ಹತ್ತು ನಿಮಿಷ ಓಡಿಸಿ ಬಂದು ನೋಡಿದರೆ ಟೈ ಸರಳಿನ ತುತ್ತತುದಿಗೆ ಹೋಗಿ, ಅಲ್ಲಿನ ಬಂಪ್ ಸ್ಟಾಪಿಗೆ ಒತ್ತಿ ಕೂತಿತ್ತು. ಬಂಪ್ ಸ್ಟಾಪ್ ಅಂದರೆ ಸ್ಪಂಜಿನಂಥ ಬಿರುಸು ರಬ್ಬರಿನ ತುಂಡು. ಸಸ್ಪೆನ್ಷನ್, ಅಂದರೆ ಚಕ್ರವನ್ನು ಕಾರಿಗೆ ಜೋಡಿಸುವ ಸ್ಪ್ರಿಂಗ್, ಶಾಕ್, ತೋಳುಗಳ ಏರ್ಪಾಡು, ತನ್ನ ಜಾಗ ಮುಗಿಸಿದಾಗ ಲೋಹಕ್ಕೆ ಲೋಹ ಬಡಿಯದಿರಲೆಂದು ಇಟ್ಟದ್ದು. ಆ ತುಂಡಿನ ಮೇಲೆ ಟೈಯ ಅಚ್ಚು ಮೂಡಿತ್ತು. ಅವನು ಇಷ್ಟು ದಿನ ಸ್ಪ್ರಿಂಗಿನ ಮೇಲಲ್ಲ, ರಬ್ಬರಿನ ಮೇಲೆ ಕಾರು ಓಡಿಸುತ್ತಿದ್ದ.

ಮಿಯಾಟಾ 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಮೊದಲು ಕಾಣಿಸಿಕೊಂಡಿತು. 1960ರ ದಶಕದ ಬ್ರಿಟಿಷ್ ರೋಡ್‌ಸ್ಟರ್‌ಗಳ ಸೊಗಸನ್ನು ನಂಬಿಕಸ್ಥ ಕಾರಿನಲ್ಲಿ ಮರಳಿ ತರುವುದು ಅದನ್ನು ಕಟ್ಟಿದವರ ಆಸೆ. ಅವರು ಹಿಡಿದ ಮಂತ್ರ ‘ಜಿನ್ಬಾ ಇತ್ತಾಯ್’: ಕುದುರೆ ಮತ್ತು ಸವಾರ ಒಂದೇ ದೇಹ. ನಾಲ್ಕೂ ಚಕ್ರಗಳಿಗೆ, ಮೇಲೊಂದು ಕೆಳಗೊಂದು ತೋಳು ಚಕ್ರವನ್ನು ಹಿಡಿಯುವ ಡಬಲ್ ವಿಶ್‌ಬೋನ್ ಸಸ್ಪೆನ್ಷನ್, ಒಂದು ಟನ್ನಿಗೂ ಕಡಿಮೆ ತೂಕ. ಇಷ್ಟೆಲ್ಲ ಮಾಡಿದವರು ಸ್ಪ್ರಿಂಗನ್ನು ಮಾತ್ರ ಮೆತ್ತಗೆ ಬಿಟ್ಟರು. ಜಿಪುಣತನಕ್ಕಲ್ಲ, ತಿಳಿದೇ ಬಿಟ್ಟರು ಎಂದು ನಾನು ನಂಬಿದ್ದೇನೆ.

ಅದಕ್ಕೆ ಕಾರಣವನ್ನು ಲೆಕ್ಕದಲ್ಲೇ ಕಾಣಬಹುದು. ಉಯ್ಯಾಲೆಗೆ ತನ್ನದೇ ಒಂದು ಲಯವಿರುವ ಹಾಗೆ ಸ್ಪ್ರಿಂಗಿನ ಮೇಲೆ ಕೂತ ಕಾರಿಗೂ ಒಂದು ಲಯವಿದೆ. ಕಾರಿನ ತೂಕಕ್ಕೆ ಸ್ಪ್ರಿಂಗ್, ಚಕ್ರದ ಬಳಿ ಅಳೆದರೆ, ಎಷ್ಟು ಸೆಂಟಿಮೀಟರ್ ಕುಗ್ಗಿದೆಯೋ, ಆ ಸಂಖ್ಯೆಯ ವರ್ಗಮೂಲದಿಂದ 5ನ್ನು ಭಾಗಿಸಿ. ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಎಂಬುದು ಹೆಚ್ಚುಕಮ್ಮಿ ಸಿಕ್ಕಿತು. 25 ಸೆಂ.ಮೀ. ಕುಗ್ಗಿದರೆ ಸೆಕೆಂಡಿಗೆ 1 ಸಲ, ಅದು ದೊಡ್ಡ ಐಷಾರಾಮಿ ಕಾರಿನ ನಡೆ. 11 ಸೆಂ.ಮೀ. ಆದರೆ 1.5. ಆರೂಕಾಲು ಸೆಂ.ಮೀ. ಆದರೆ 2, ಇಲ್ಲಿಂದ ಮುಂದೆ ರಸ್ತೆಯ ಒಂದೊಂದು ಕಲ್ಲೂ ಮಾತಾಡಿಸುತ್ತದೆ. ಮನುಷ್ಯನ ನಡಿಗೆಯಲ್ಲಿ ದೇಹ ಸೆಕೆಂಡಿಗೆ ಒಂದೂವರೆ, ಎರಡು ಸಲ ಏರಿಳಿಯುತ್ತದೆ. ಆ ಆಸುಪಾಸಿನ ತೂಗಾಟ ನಮಗೆ ಒಗ್ಗಿದ್ದು.

ಮಿಯಾಟಾದ ಒಂದು ಮೂಲೆಯ ಸ್ಪ್ರಿಂಗಿನ ಮೇಲೆ ಸುಮಾರು 225 ಕೆ.ಜಿ. ಇದೆ ಎಂದಿಟ್ಟುಕೊಳ್ಳಿ. 1.5ರ ಲಯ ಬೇಕೆಂದರೆ ಚಕ್ರ ಒಂದು ಮಿ.ಮೀ. ಏರಲು ಸರಿಸುಮಾರು 2 ಕೆ.ಜಿ. ಭಾರ ಬೇಕಾಗುವಂತಿರಬೇಕು. ಅಂಗಡಿಯಲ್ಲಿ ಸ್ಪ್ರಿಂಗಿನ ಮೇಲೆ ಬರೆದಿರುವ ಸಂಖ್ಯೆ ಇದಲ್ಲ. ಸ್ಪ್ರಿಂಗ್ ಚಕ್ರದ ನೇರಕ್ಕಿಲ್ಲ, ತೋಳಿನ ನಡುವೆ ಎಲ್ಲೋ ಇದೆ. ಚಕ್ರ 10 ಮಿ.ಮೀ. ಏರಿದಾಗ ಸ್ಪ್ರಿಂಗ್ 7 ಮಿ.ಮೀ. ಕುಗ್ಗಿದರೆ, ಚಕ್ರಕ್ಕೆ ತಲುಪುವುದು ಅದರ ಬಿಗಿಯ ಅರ್ಧದಷ್ಟು, 0.7ರ ವರ್ಗ. ಹಾಗಾಗಿ ಕೊಳ್ಳಬೇಕಾದ್ದು ಒಂದು ಮಿ.ಮೀ. ಕುಗ್ಗಲು 4 ಕೆ.ಜಿ. ಬೇಕಾಗುವ ಸ್ಪ್ರಿಂಗ್. ಬೇರೆ ಕಾರಿನ ಮಾಲೀಕರು ಹೊಗಳಿದ ಸಂಖ್ಯೆಯನ್ನು ತನ್ನ ಕಾರಿಗೆ ತಂದು ಹಾಕುವವರು ಎಡವುವುದು ಇಲ್ಲೇ.

ಈಗ ಆ 3 ಸೆಂ.ಮೀ. ವಿಷಯ. ಹೊಂಡದ ಏಟನ್ನು ಸ್ಪ್ರಿಂಗ್ ನುಂಗಿಕೊಳ್ಳುವ ಸಾಮರ್ಥ್ಯ ಅದರ ಬಿಗಿಯ ಜೊತೆ ಬೆಳೆಯುತ್ತದೆ, ಆದರೆ ಕುಗ್ಗಲು ಇರುವ ಜಾಗದ ವರ್ಗದ ಜೊತೆ ಬೆಳೆಯುತ್ತದೆ. ಮೊದಲು ಚಕ್ರಕ್ಕೆ ಮೇಲೇರಲು 8 ಸೆಂ.ಮೀ. ಇತ್ತು, ಈಗ 5 ಉಳಿದಿದೆ ಅಂದುಕೊಳ್ಳಿ. ಮೊದಲಿನಷ್ಟೇ ಏಟು ತಾಳಲು ಸ್ಪ್ರಿಂಗ್ ಎರಡೂವರೆ ಪಟ್ಟು ಬಿಗಿಯಾಗಬೇಕು. ಗೆಳೆಯನ ಸ್ಪ್ರಿಂಗ್ ಮೂಲದ್ದಕ್ಕಿಂತ ಶೇ. 30 ಮಾತ್ರ ಬಿಗಿಯಾಗಿತ್ತು. ಉಳಿದದ್ದನ್ನೆಲ್ಲ ರಬ್ಬರ್ ತಾಳಿಕೊಳ್ಳುತ್ತಿತ್ತು. ಇದು ಬರೀ ಬೆನ್ನುನೋವಿನ ಮಾತೂ ಅಲ್ಲ. ತಿರುವಿನಲ್ಲಿ ಕಾರು ವಾಲಿ ಹಿಂದಿನ ಹೊರಚಕ್ರ ರಬ್ಬರಿಗೆ ತಾಗಿದ ಕ್ಷಣ ಆ ಮೂಲೆ ಒಮ್ಮೆಲೇ ಕಲ್ಲಾಗುತ್ತದೆ, ಟೈರಿನ ಹಿಡಿತ ತಪ್ಪುತ್ತದೆ, ಹಿಂಭಾಗ ಜಾರುತ್ತದೆ. ಒದ್ದೆ ರಸ್ತೆಯಲ್ಲಿ ಇದು ಜೀವಕ್ಕೆ ಅಪಾಯ.

ಇನ್ನು ಶಾಕ್ ಅಬ್ಸಾರ್ಬರ್. ಹೆಸರೇ ದಾರಿ ತಪ್ಪಿಸುತ್ತದೆ. ಏಟು ತಿನ್ನುವುದು ಸ್ಪ್ರಿಂಗ್. ಆಮೇಲೆ ಅದು ಕುಣಿಯುತ್ತಲೇ ಇರದಂತೆ ತಡೆಯುವುದು ಶಾಕ್. ಸಣ್ಣ ರಂಧ್ರಗಳ ಮೂಲಕ ಎಣ್ಣೆಯನ್ನು ನುಗ್ಗಿಸಿ ಆ ಕುಣಿತವನ್ನು ಶಾಖವಾಗಿ ಮಾಡುತ್ತದೆ. ಉಬ್ಬುತಗ್ಗಿನ ರಸ್ತೆಯಲ್ಲಿ ಓಡಿಸಿ ಬಂದ ಮೇಲೆ ಕೊಳವೆ ಮುಟ್ಟಿದರೆ ಬೆಚ್ಚಗಿರುವುದು ಅದಕ್ಕೇ. ಸ್ಪ್ರಿಂಗ್ ದುಪ್ಪಟ್ಟು ಬಿಗಿಯಾದರೆ ಶಾಕಿನ ತಡೆ ಸುಮಾರು 1.4 ಪಟ್ಟು ಹೆಚ್ಚಬೇಕು. ಮೂವತ್ತು ವರ್ಷ ಹಳೆಯ, ಎಣ್ಣೆ ಸೋರಿದ ಶಾಕಿನ ಮೇಲೆ ಹೊಸ ಬಿಗಿ ಸ್ಪ್ರಿಂಗ್ ಕೂರಿಸುವುದು ನನ್ನ ಕಣ್ಣಿಗೆ ಅತಿ ದೊಡ್ಡ ತಪ್ಪು. ದುಡ್ಡು ಒಂದಕ್ಕೇ ಸಾಲುವುದಾದರೆ ಮೊದಲು ಶಾಕ್ ಕೊಳ್ಳಿ. ಕುಗ್ಗುವಾಗಿನ ತಡೆಗಿಂತ ಹಿಗ್ಗುವಾಗಿನ ತಡೆ ಹೆಚ್ಚಿರುವುದು ವಾಡಿಕೆ, ಸ್ಪ್ರಿಂಗ್ ಕೂಡಿಟ್ಟ ಶಕ್ತಿಯನ್ನು ಹಿಡಿಯಬೇಕಾದ್ದು ಆಗಲೇ. ಹಿಗ್ಗುವ ತಡೆ ಅತಿಯಾದರೂ ಕಷ್ಟ: ಸಾಲುಸಾಲು ಉಬ್ಬುಗಳಲ್ಲಿ ಚಕ್ರಕ್ಕೆ ಕೆಳಗಿಳಿಯಲು ಪುರುಸೊತ್ತು ಸಿಗದೆ ಕಾರು ಹಂತಹಂತವಾಗಿ ಕುಸಿದು ಮತ್ತೆ ಅದೇ ರಬ್ಬರಿನ ಮೇಲೆ ಕೂರುತ್ತದೆ.

ಹಿಂದೆ ಮುಂದೆ ಹೊಂದಿಕೆಯ ಸೂಕ್ಷ್ಮವನ್ನು ಕಂಡುಕೊಂಡವರು ಮಾರಿಸ್ ಓಲಿ. ರೋಲ್ಸ್‌ರಾಯ್ಸ್ ಬಿಟ್ಟು ಅಮೆರಿಕದ ಕ್ಯಾಡಿಲಾಕ್ ಸೇರಿದ್ದ ಈ ಎಂಜಿನಿಯರ್, 1930ರ ದಶಕದ ಆರಂಭದಲ್ಲಿ ಕಾರೊಂದಕ್ಕೆ ಅತ್ತಿತ್ತ ಸರಿಸಬಹುದಾದ ಭಾರಗಳನ್ನು ಕಟ್ಟಿ ಓಡಿಸಿ ನೋಡಿದರು. ಉಬ್ಬು ಮೊದಲು ಸಿಗುವುದು ಮುಂದಿನ ಚಕ್ರಕ್ಕೆ. ಮಿಯಾಟಾದ ಚಕ್ರಗಳ ನಡುವಿನ ಅಂತರ 2265 ಮಿ.ಮೀ., ಗಂಟೆಗೆ 60 ಕಿ.ಮೀ. ವೇಗದಲ್ಲಿ ಹಿಂದಿನದು 0.14 ಸೆಕೆಂಡು ತಡ. ಎರಡೂ ಕಡೆ ಒಂದೇ ಲಯವಿದ್ದರೆ ಕಾರು ಏತದ ಹಾಗೆ ಮೂತಿ ಮೇಲೆ, ಬಾಲ ಕೆಳಗೆ ಆಡುತ್ತದೆ. ಹಿಂದಿನ ಲಯ ಸ್ವಲ್ಪ ಚುರುಕಾಗಿದ್ದರೆ ಅದು ಮುಂದಿನದನ್ನು ಬೇಗ ಹಿಡಿದುಕೊಳ್ಳುತ್ತದೆ, ಕಾರು ಮಟ್ಟಸವಾಗಿ ಏರಿಳಿಯುತ್ತದೆ. ಮುಂದಿನ ಸ್ಪ್ರಿಂಗನ್ನಷ್ಟೇ ವಿಪರೀತ ಬಿಗಿ ಮಾಡಿದರೆ ಈ ಹೊಂದಿಕೆ ಕೆಡುತ್ತದೆ.

ಗೆಳೆಯನ ಹಳೆಯ ಸ್ಪ್ರಿಂಗುಗಳು ಗ್ಯಾರೇಜಿನ ಮೂಲೆಯಲ್ಲೇ ಇದ್ದವು. ‘ಸೋತುಹೋಗಿವೆ’ ಎಂದು ತೆಗೆಸಿದ್ದನಂತೆ. ವರ್ಷಗಳ ಭಾರಕ್ಕೆ ಸ್ಪ್ರಿಂಗ್ ಉದ್ದದಲ್ಲಿ ಒಂದಿಷ್ಟು ಕುಸಿಯಬಹುದು, ಆದರೆ ಉಕ್ಕಿನ ಬಿಗಿ ವಯಸ್ಸಾದ ಮಾತ್ರಕ್ಕೆ ಕಡಿಮೆಯಾಗುವುದಿಲ್ಲ. ನಿಜಕ್ಕೂ ಮುಪ್ಪಾಗುವುದು ಶಾಕ್, ತೋಳುಗಳ ಬುಡದ ಕೀಲಿನಲ್ಲಿರುವ ರಬ್ಬರ್ ಬಳೆ, ಅಂದರೆ ಬುಷ್. ಅಳೆದು ನೋಡಿದರೆ ನಾಲ್ಕೂ ಸ್ಪ್ರಿಂಗ್ ಚೆನ್ನಾಗಿದ್ದವು, ತುಕ್ಕು ಮೇಲ್ಮೈಯಲ್ಲಷ್ಟೇ. ಅವನ್ನೇ ಉಜ್ಜಿ, ಬಣ್ಣ ಬಳಿದು, ಅನಿಲ ತುಂಬಿದ ಒಂಟಿ ಕೊಳವೆಯ ಹೊಸ ಶಾಕ್ ಜೊತೆ ಕೂರಿಸಿದೆವು. ಹೊಸ ಬಂಪ್ ಸ್ಟಾಪ್, ಹೊಸ ಬುಷ್. ಬುಷ್‌ಗಳ ಬೋಲ್ಟನ್ನು ಚಕ್ರ ನೇತಾಡುತ್ತಿರುವಾಗ ಬಿಗಿಯಲಿಲ್ಲ. ಹಾಗೆ ಮಾಡಿದರೆ ಕಾರು ನೆಲಕ್ಕಿಳಿದಾಗ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಕಾರನ್ನು ಅದರ ಭಾರದ ಮೇಲೆ ನಿಲ್ಲಿಸಿ, ಅಡಿಗೆ ತೂರಿ, ಕೊನೆಯ ಸುತ್ತು ಕೊಟ್ಟೆವು. ಭುಜ ಎರಡು ದಿನ ನೋಯುತ್ತಿತ್ತು.

ಅದೇ ರಸ್ತೆ, ಅದೇ ಹೊಂಡಗಳು. ಹೊಸ ಕೇಬಲ್ ಟೈ ಸುತ್ತಿ ಹೋಗಿಬಂದೆವು. ಅವನು ಟಾರ್ಚ್ ಹಿಡಿದು ಚಕ್ರದ ಗೂಡಿನೊಳಗೆ ಬಗ್ಗಿದ. ಟೈ ರಬ್ಬರಿಗಿಂತ ಒಂದು ಬೆರಳು ಕೆಳಗೆ ನಿಂತಿತ್ತು.