ತಾರಸಿಯ ಬಿಸಿಯೋ, ಊರಿನ ಬಿಸಿಯೋ?

ಏಪ್ರಿಲ್ ಮಧ್ಯಾಹ್ನದಲ್ಲಿ, ತಾಪಮಾನ, ವಾಯುಭಾರ, ಮಳೆ, ತೇವಾಂಶ ಅಳೆಯುವ ಪುಟ್ಟ ಹವಾಮಾನ ಯಂತ್ರವನ್ನು ತಾರಸಿಯ ಮೇಲಿಟ್ಟುಕೊಂಡು ‘ನಮ್ಮನೆ ಮೀಟರು 43 ಡಿಗ್ರಿ ತೋರಿಸ್ತಿದೆ’ ಎನ್ನುವವರು ಮೈಸೂರಿನಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಮೀಟರಿನದೇನೂ ತಪ್ಪಿಲ್ಲ, ಅದು ಕಾದ ತಾರಸಿಯ ಬಿಸಿಯನ್ನು ಸರಿಯಾಗಿಯೇ ಅಳೆಯುತ್ತಿದೆ.

ಹವಾಮಾನದ ಲೆಕ್ಕದಲ್ಲಿ ತಾಪಮಾನವೆಂದರೆ ನೆರಳಿನಲ್ಲಿ ಸುಳಿಯುವ ಗಾಳಿಯದು. ಅದಕ್ಕೇ ಹವಾಮಾನ ಕೇಂದ್ರಗಳಲ್ಲಿ ಥರ್ಮಾಮೀಟರನ್ನು ಸುತ್ತಲೂ ಓರೆಪಟ್ಟಿಗಳಿರುವ ಬಿಳಿ ಪೆಟ್ಟಿಗೆಯೊಳಗೆ, ನೆಲದಿಂದ 1.25ರಿಂದ 2 ಮೀಟರ್ ಎತ್ತರದಲ್ಲಿ ಇಡುತ್ತಾರೆ. 19ನೇ ಶತಮಾನದಲ್ಲಿ ಇದನ್ನು ರೂಪಿಸಿದವರು ಸ್ಕಾಟ್ಲೆಂಡಿನಲ್ಲಿ ದೀಪಸ್ತಂಭ ಕಟ್ಟುತ್ತಿದ್ದ ಎಂಜಿನಿಯರ್ ಥಾಮಸ್ ಸ್ಟೀವನ್ಸನ್. ಮನೆಗೆ ತರುವ ಸೆನ್ಸರಿನಲ್ಲಿ ಒಂದರ ಮೇಲೊಂದು ಕವುಚಿದ ಬಿಳಿ ತಟ್ಟೆಗಳದೂ ಇದೇ ಕೆಲಸ. ಅದನ್ನು ಮಣ್ಣು, ಹುಲ್ಲು ಇರುವ ಕಡೆ ನೆಡಿ. ತಾರಸಿಯೇ ಗತಿ ಎಂದಾದರೆ ಕಂಬ ಉದ್ದ ಮಾಡಿ. ಎಸಿಯ ಬಿಸಿಗಾಳಿ ತಾಕದಿರಲಿ.

ವಾಯುಭಾರ 925 ಹೆಕ್ಟೊಪ್ಯಾಸ್ಕಲ್ ಎಂದು ಕಂಡರೆ ಚಂಡಮಾರುತ ಬಂತೆಂದು ಗಾಬರಿ ಬೇಡ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ, ಮೇಲೇರಿದಷ್ಟೂ ವಾಯುಭಾರ ಇಳಿಯುತ್ತದೆ. ಆ ಎತ್ತರವನ್ನು ಸೆಟ್ಟಿಂಗಿನಲ್ಲಿ ತುಂಬಿದರೆ ಅಂಕಿ 1010ರ ಆಸುಪಾಸಿಗೆ ಬರುತ್ತದೆ.

ನಿಜವಾದ ತಲೆನೋವು ಮಳೆಮಾಪಕದ್ದು. ಸುತ್ತಲಿನ ಮರ, ಗೋಡೆಗಳಿಂದ ಅವುಗಳ ಎತ್ತರದ ಎರಡು ಪಟ್ಟಾದರೂ ದೂರ ಇರಬೇಕು. 15 ಮೀಟರಿನ ತೆಂಗಿನ ಮರವಿದ್ದರೆ 30 ಮೀಟರ್! ಮಂಡ್ಯದ ತೋಟದ ಮನೆಯಲ್ಲಿ ಆದೀತು, ಮೈಸೂರಿನ ಥರ್ಟಿ-ಫಾರ್ಟಿ ಸೈಟಿನಲ್ಲಿ ಕನಸೇ ಸರಿ. ಅಂಥಲ್ಲಿ ಸಿಕ್ಕಷ್ಟು ತೆರೆದ ಜಾಗ ನೋಡಿ ಸಮಾಧಾನಪಡಬೇಕು.

ಮಾಪಕದೊಳಗೆ ಏತದಂತೆ ಅತ್ತಿತ್ತ ವಾಲುವ ಜೋಡಿ ಬಟ್ಟಲಿರುತ್ತದೆ. ಒಂದು ತುಂಬಿ ವಾಲಿತೆಂದರೆ ಇಷ್ಟು ಮಳೆ ಎಂದು ಲೆಕ್ಕ. ಹಲವು ಮಾಪಕಗಳಲ್ಲಿ ಅದು 0.2 ಮಿ.ಮೀ. ಜಡಿಮಳೆಯಲ್ಲಿ ಬಟ್ಟಲು ವಾಲುವ ಆ ಗಳಿಗೆಯಲ್ಲೂ ನೀರು ಸುರಿಯುತ್ತಲೇ ಇರುವುದರಿಂದ ಲೆಕ್ಕ ತುಸು ಕಡಿಮೆಯೇ ಬೀಳುತ್ತದೆ. ಅದಕ್ಕಿಂತ ಕಸದ ಕಾಟ ಹೆಚ್ಚು: ಆಲೆಮನೆಯ ಮಸಿ, ಕಬ್ಬಿನ ತರಗು ಸುಟ್ಟ ಬೂದಿ, ಜೇಡರ ಬಲೆ, ಇರುವೆಗೂಡು. ಆಲಿಕೆ ಕಟ್ಟಿಕೊಂಡರೆ ಹೊರಗೆ ಧೋ ಎಂದು ಸುರಿಯುತ್ತಿದ್ದರೂ ಪರದೆಯ ಮೇಲೆ ಸೊನ್ನೆ. ನಮ್ಮ ಕಡೆ ಮಳೆ ಜೋರು ಮೇ ಮತ್ತು ಅಕ್ಟೋಬರಿನಲ್ಲಿ. ಭರಣಿ ಮಳೆಗೆ ಮುಂಚೆ ಒಮ್ಮೆ, ಚಿತ್ತಾ ಮಳೆಗೆ ಮುಂಚೆ ಇನ್ನೊಮ್ಮೆ ಬಿಚ್ಚಿ ತೊಳೆಯುವುದು ಕನಿಷ್ಠ. ತೊಳೆದ ಮೇಲೆ ಪರೀಕ್ಷೆಯೂ ಆಗಲಿ. ಬಾಯಿಯ ವ್ಯಾಸ 20 ಸೆಂ.ಮೀ. ಇದ್ದರೆ 314 ಮಿ.ಲೀ. ನೀರು 10 ಮಿ.ಮೀ. ಮಳೆಗೆ ಸಮ. ಔಷಧಿ ಅಂಗಡಿಯ ಡ್ರಿಪ್ ಸೆಟ್ಟಿನಿಂದ ಅರ್ಧ ಗಂಟೆ ಹನಿಹನಿಯಾಗಿ ಬಿಡಿ. 0.2 ಮಿ.ಮೀ.ನ ಬಟ್ಟಲಾದರೆ 50 ಸಲ ವಾಲಬೇಕು.

ತೇವಾಂಶದ ಸೆನ್ಸರ್ ಪರೀಕ್ಷೆಗೆ ಅಡುಗೆಮನೆಯ ಉಪ್ಪೇ ಸಾಕು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಕರಗದಂತೆ ಒದ್ದೆಯಾಗುವಷ್ಟೇ ನೀರು ಬೆರೆಸಿ. ಸೆನ್ಸರಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಅದು ಶೇ. 75 ತೋರಿಸಬೇಕು. ಎರಡು-ಮೂರು ಆಚೀಚೆ ಆದರೆ ಅಡ್ಡಿಯಿಲ್ಲ, ಹತ್ತು ಹೆಚ್ಚುಕಮ್ಮಿ ಆಗಿದ್ದರೆ ಹೊಸ ಸೆನ್ಸರ್ ತರುವುದೇ ವಾಸಿ.