ಹುಡುಕದ ಮಗುವಿನ ಕಣ್ಣಿಗೂ ಬೀಳುತ್ತದೆ

ಪ್ರಶ್ನೆ: ನಮ್ಮ ಮಗ ಅಂಥದ್ದನ್ನು ಹುಡುಕಿಕೊಂಡು ಹೋಗುವವನಲ್ಲ. ಹೀಗಿರುವಾಗ ಅಶ್ಲೀಲ ದೃಶ್ಯಗಳಿಗೆ ವಯಸ್ಸಿನ ಪರಿಶೀಲನೆ ಕಡ್ಡಾಯವಾಗಲಿ ಎಂಬ ಒತ್ತಾಯಕ್ಕೆ ನಾವೇಕೆ ದನಿಗೂಡಿಸಬೇಕು?

ಉತ್ತರ: ಕೇಳುವವರು ಬದಲಾಗುತ್ತಾರೆ, ‘ಹುಡುಕುವವನಲ್ಲ’ ಎಂಬ ಮಾತು ಮಾತ್ರ ಬದಲಾಗುವುದಿಲ್ಲ. ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ: ನೋಡಲು ಹುಡುಕಲೇಬೇಕೆಂದಿಲ್ಲ. ತರಗತಿಯ ವಾಟ್ಸಾಪ್ ಗುಂಪಿಗೆ ಯಾರೋ ತಮಾಷೆಗೆಂದು ಕಳಿಸಿದ ತುಣುಕು, ಪುಕ್ಕಟೆ ಸಿನಿಮಾ ತೋರಿಸುವ ತಾಣದಲ್ಲಿ ತಾನಾಗಿ ತೆರೆದುಕೊಳ್ಳುವ ಜಾಹೀರಾತು, ಆಟದ ನಡುವೆ ಅಪರಿಚಿತರು ಕಳಿಸುವ ಕೊಂಡಿ, ಪಕ್ಕದಲ್ಲಿ ಕುಳಿತ ಗೆಳೆಯನ ಮೊಬೈಲ್ – ಇವುಗಳಲ್ಲಿ ಯಾವುದಕ್ಕೂ ನಿಮ್ಮ ಮಗನ ಸ್ವಭಾವ ಅಡ್ಡಬರುವುದಿಲ್ಲ. ನೀವು ಹಾಕಿಸಿದ ಫಿಲ್ಟರ್ ಕೂಡ ಗೆಳೆಯನ ಮೊಬೈಲಿನಲ್ಲಿ ಇರುವುದಿಲ್ಲ.

ಇಂಗ್ಲೆಂಡಿನ ಮಕ್ಕಳ ಆಯುಕ್ತರು 2023ರ ಜನವರಿಯಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅಂಥ ದೃಶ್ಯ ಕಂಡಿದ್ದ ಯುವಜನರು ಅದನ್ನು ಮೊದಲು ಕಂಡಾಗಿನ ಸರಾಸರಿ ವಯಸ್ಸು 13. ಶೇಕಡಾ 38ರಷ್ಟು ಮಂದಿಗೆ ಅದು ಆಕಸ್ಮಿಕವಾಗಿ ಎದುರಾಗಿತ್ತು. ಹೆಚ್ಚು ಮಂದಿ ಕಂಡದ್ದು ಅಶ್ಲೀಲ ತಾಣಗಳಲ್ಲಿ ಎಂದುಕೊಂಡಿರೇನು? ಅಲ್ಲ, ಆಗ ಟ್ವಿಟರ್ ಎನಿಸಿಕೊಳ್ಳುತ್ತಿದ್ದ ಜಾಲತಾಣದಲ್ಲಿ.

ಅಶ್ಲೀಲ ತಾಣಗಳಿಗೆ ಹೋದವರಿಗಷ್ಟೇ ಅದು ಕಾಣುತ್ತದೆ ಎಂಬ ಈ ಭ್ರಮೆ ಹೆತ್ತವರದ್ದಷ್ಟೇ ಅಲ್ಲ. ಬ್ರಿಟನ್ 2017ರಲ್ಲಿ ತಂದ ಡಿಜಿಟಲ್ ಎಕಾನಮಿ ಕಾಯ್ದೆ ವಾಣಿಜ್ಯ ಅಶ್ಲೀಲ ತಾಣಗಳಿಗೆ ಮಾತ್ರ ವಯಸ್ಸಿನ ಪರಿಶೀಲನೆಯನ್ನು ವಿಧಿಸಿ, ಸಾಮಾಜಿಕ ಜಾಲತಾಣಗಳನ್ನು ಹೊರಗೇ ಬಿಟ್ಟಿತ್ತು. ಆ ನಿಯಮ ಜಾರಿಗೆ ಬರುವ ಮೊದಲೇ, 2019ರ ಅಕ್ಟೋಬರಿನಲ್ಲಿ, ಸರ್ಕಾರ ಅದನ್ನು ಕೈಬಿಟ್ಟಿತು. ಮಕ್ಕಳ ಪರವಾಗಿ ದನಿಯೆತ್ತಿದವರು ಸುಮ್ಮನಾಗಲಿಲ್ಲ. 2023ರ ಆನ್‌ಲೈನ್ ಸೇಫ್ಟಿ ಕಾಯ್ದೆಯಡಿ, ಅಂಥ ದೃಶ್ಯಗಳಿಗೆ ಅವಕಾಶ ಕೊಡುವ ಸಾಮಾಜಿಕ ಜಾಲತಾಣಗಳೂ 2025ರ ಜುಲೈ 25ರಿಂದ ವಯಸ್ಸನ್ನು ಖಚಿತಪಡಿಸಿಕೊಳ್ಳಬೇಕಾಗಿದೆ. ‘ನನಗೆ 18 ತುಂಬಿದೆ’ ಎಂಬ ಗುಂಡಿ ಒತ್ತಿದರೆ ಸಾಲದು. ಬೇರೆ ದೇಶದಲ್ಲಿರುವಂತೆ ತೋರಿಸಿಕೊಳ್ಳಲು ನೆರವಾಗುವ ತಂತ್ರಾಂಶವಾದ ವಿಪಿಎನ್ ಬಳಸಿ ನುಸುಳಬಹುದಲ್ಲ ಎನ್ನುವವರಿದ್ದಾರೆ. ನುಸುಳಬಹುದು; ಆದರೆ ಅಂಥ ದೃಶ್ಯವನ್ನು ಆಕಸ್ಮಿಕವಾಗಿ ಕಾಣುವ ಒಂಬತ್ತು ವರ್ಷದ ಮಗು ವಿಪಿಎನ್ ಹಾಕಿಕೊಂಡು ಬಂದಿರುವುದಿಲ್ಲ.

ನೀವು ಕೇಳದ ಇನ್ನೊಂದು ಪ್ರಶ್ನೆಯಿದೆ: ಕಂಡ ಮಗು ಮನೆಯಲ್ಲಿ ಯಾಕೆ ಹೇಳುವುದಿಲ್ಲ? ಹೇಳಿದರೆ ಮೊಬೈಲ್ ಕಿತ್ತುಕೊಳ್ಳುತ್ತಾರೆಂಬ ಭಯ ಒಂದು ಕಾರಣ. ‘ನಮ್ಮ ಮಗ ಅಂಥವನಲ್ಲ’ ಎಂದು ನೀವು ನಾಲ್ಕು ಜನರೆದುರು ಹೇಳುವುದನ್ನು ಅವನೂ ಕೇಳಿಸಿಕೊಂಡಿರುತ್ತಾನೆ ಎಂಬುದು ಇನ್ನೊಂದು. ಆಮೇಲೆ ಅವನ ಆ ಮೌನವನ್ನೇ ನೀವು ಅವನು ನೋಡಿಲ್ಲವೆಂಬುದಕ್ಕೆ ಸಾಕ್ಷಿಯಾಗಿ ನನಗೆ ಬರೆದು ಕಳಿಸುತ್ತೀರಿ.