ಮಡಿಕೇರಿ ಕಣಿವೆಯಲ್ಲಿ ವಿಮಾನ ತಿರುಗಿಸುವ ಮುನ್ನ

ಮಡಿಕೇರಿಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಹೆಸರಿನ ವೃತ್ತವಿದೆ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದ ಅವರು, ತಮ್ಮ ಮಿಸ್ಟೇರ್ ವಿಮಾನದಿಂದ ಪಾಕಿಸ್ತಾನದ ಸ್ಟಾರ್‌ಫೈಟರ್ ಒಂದನ್ನು ಹೊಡೆದುರುಳಿಸಿದರು. ತಾವೂ ಮರಳಲಿಲ್ಲ. ಮಹಾವೀರ ಚಕ್ರ ಸಂದದ್ದು 1988ರಲ್ಲಿ. ಅವರ ಶೌರ್ಯದ ಕಥೆ ಕೊಡಗಿನಲ್ಲಿ ಎಲ್ಲರಿಗೂ ಗೊತ್ತು. ಪೈಲಟ್ ಆಗಲು ಹೊರಟವರು ಅದರೊಳಗಿನ ರೆಕ್ಕೆಯ ಲೆಕ್ಕವನ್ನೂ ನೋಡಬೇಕು.

ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನ. ಮಿಸ್ಟೇರ್ ಅದರ ಹತ್ತಿರವೂ ಸುಳಿಯದು. ಆದರೆ ಸ್ಟಾರ್‌ಫೈಟರ್ ರೆಕ್ಕೆಯ ವಿಸ್ತೀರ್ಣ ಬರೀ 18 ಚದರ ಮೀಟರ್, ಮಿಸ್ಟೇರ್‌ದು 32. ತೂಕ ಮಾತ್ರ ಸ್ಟಾರ್‌ಫೈಟರ್‌ದೇ ಜಾಸ್ತಿ. ಅಂದ್ರೆ ಅದರ ರೆಕ್ಕೆ ಚದರ ಮೀಟರಿಗೆ ಸುಮಾರು ದುಪ್ಪಟ್ಟು ಭಾರ ಹೊರಬೇಕು. ನೇರ ಓಟದಲ್ಲಿ ಅದನ್ನು ಹಿಡಿಯೋಕೆ ಆಗಲ್ಲ. ವೇಗ ತಗ್ಗಿಸಿ ಸುತ್ತು ಹೊಡೆಯುವ ಕಾಳಗಕ್ಕೆ ಇಳಿಯಿತೋ, ಮಿಸ್ಟೇರ್ ಕೈ ಮೇಲಾಗುತ್ತದೆ.

ಯಾಕೆ ಹೀಗೆ? ಸಂಪಾಜೆ ಘಾಟಿ ಇಳಿಯುವ ಬಸ್ಸಿನ ಕಿಟಕಿಯಿಂದ ಅಂಗೈ ಚಾಚಿದವರಿಗೆ ಉತ್ತರ ಅರ್ಧ ಗೊತ್ತಿರುತ್ತದೆ, ಕಂಡಕ್ಟರ್ ಬೈಯುವಷ್ಟರಲ್ಲಿ. ಕೈಯ ಮುಂದಿನ ಅಂಚನ್ನು ಚೂರು ಎತ್ತಿದರೆ ಕೈ ತಾನೇ ಮೇಲೇಳುತ್ತದೆ. ಇನ್ನೂ ಎತ್ತುತ್ತಾ ಹೋಗಿ, ಒಂದು ಹಂತ ದಾಟಿದ ಮೇಲೆ ಗಾಳಿ ಅದನ್ನು ಸುಮ್ನೆ ಹಿಂದಕ್ಕೆ ತಳ್ಳುತ್ತದೆ. ಎದುರು ಬರುವ ಗಾಳಿಗೆ ರೆಕ್ಕೆ ಒಡ್ಡಿದ ಈ ಓರೆಯೇ ಆ್ಯಂಗಲ್ ಆಫ್ ಅಟ್ಯಾಕ್. ಸಣ್ಣ ತರಬೇತಿ ವಿಮಾನಗಳಲ್ಲಿ ಇದು ಸುಮಾರು 15-16 ಡಿಗ್ರಿ ದಾಟಿದರೆ, ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಬಿಟ್ಟುಕೊಂಡು ಸುಳಿಯಾಗುತ್ತದೆ. ಎತ್ತುವ ಬಲ ಕುಸಿಯುತ್ತದೆ. ಇದೇ ಸ್ಟಾಲ್. ಎಂಜಿನ್ ನಿಂತುಹೋಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಎಂಜಿನ್ ಪೂರ್ತಿ ಅಬ್ಬರಿಸುತ್ತಿದ್ದಾಗಲೂ, ಮೂಗು ಕೆಳಗಿದ್ದಾಗಲೂ ಸ್ಟಾಲ್ ಆಗಬಹುದು.

ವಿಮಾನದ ಕೈಪಿಡಿಯಲ್ಲಿ ಸ್ಟಾಲ್ ವೇಗ ಅಂತ ಒಂದು ಅಂಕಿ ಇರುತ್ತದೆ. ಗಂಟೆಗೆ 90 ಕಿ.ಮೀ. ಅಂತಿಟ್ಟುಕೊಳ್ಳಿ. ಹೊಸಬರು ನಂಬಿ ಕೂರುವುದು ಇದನ್ನೇ. ಆದರೆ ಅದು ಅಲುಗಾಡದೆ ನೇರ ಹಾರುವಾಗಿನ ಮಾತು. ವಾಲಿಸಿ ತಿರುಗಿಸುವಾಗ ರೆಕ್ಕೆ ತೂಕವನ್ನೂ ಹೊರಬೇಕು, ವಿಮಾನವನ್ನು ತಿರುವಿನೊಳಕ್ಕೂ ಎಳೆಯಬೇಕು. ಎತ್ತರ ಬಿಡದೆ 45 ಡಿಗ್ರಿ ವಾಲಿಸಿದರೆ ರೆಕ್ಕೆಗೆ 1.41 ಪಟ್ಟು ಭಾರ. ಸ್ಟಾಲ್ ವೇಗ 107ಕ್ಕೇರುತ್ತದೆ. 60 ಡಿಗ್ರಿಯಲ್ಲಿ ಭಾರ ಎರಡು ಪಟ್ಟು, ಸ್ಟಾಲ್ ವೇಗ 127.

ಈಗ ರಾಜಾಸೀಟ್‌ನಿಂದ ಕಾಣುತ್ತದಲ್ಲ, ಅಂಥದೊಂದು ಕಣಿವೆಯೊಳಗೆ ಹೋಗಿದ್ದೀರಿ. ಮುಂದೆ ಬೆಟ್ಟ ಮೇಲೇಳುತ್ತಿದೆ, ಅದಕ್ಕಿಂತ ಬೇಗ ಏರಲು ವಿಮಾನಕ್ಕೆ ಆಗುತ್ತಿಲ್ಲ. ಹಿಂದಿರುಗಲೇಬೇಕು. 180 ಕಿ.ಮೀ. ವೇಗದಲ್ಲಿ 45 ಡಿಗ್ರಿ ವಾಲಿಸಿದರೆ ಸುತ್ತಿನ ತ್ರಿಜ್ಯ ಸುಮಾರು 255 ಮೀಟರ್. ಅಂದ್ರೆ ಅರ್ಧ ಕಿ.ಮೀ.ಗೂ ಹೆಚ್ಚು ಅಗಲ ಬೇಕು. ವೇಗವನ್ನು 126ಕ್ಕೆ ಇಳಿಸಿದರೆ ತ್ರಿಜ್ಯ 125 ಮೀಟರ್‌ಗೆ ಬರುತ್ತದೆ. ಒಳ್ಳೆಯದೇ. ಆದರೆ ಎದುರಿನ ಕಾಡು ಕಣ್ಣಿಗೆ ದೊಡ್ಡದಾಗುತ್ತಾ ಬಂದಾಗ ಕೈ ಸುಮ್ಮನಿರುವುದಿಲ್ಲ. ಇನ್ನೊಂಚೂರು ವಾಲಿಸುತ್ತದೆ, ಮೂಗು ಎತ್ತುವ ನಿಯಂತ್ರಣದ ಕೋಲನ್ನು ಇನ್ನೊಂಚೂರು ಎಳೆಯುತ್ತದೆ. 60 ಡಿಗ್ರಿಗೆ ಬೇಕಿದ್ದದ್ದು 127. ನಿಮ್ಮ ಹತ್ತಿರ ಇರುವುದು 126. ಬೆಟ್ಟದ ನಾಡಿನಲ್ಲಿ ಹಾರುವವರು ಕಣಿವೆಯ ನಟ್ಟನಡುವೆ ಹೋಗದೆ ಒಂದು ಮಗ್ಗುಲು ಹಿಡಿಯುವುದು ಇದಕ್ಕೇ. ತಿರುಗಲು ಪೂರ್ತಿ ಅಗಲ ಸಿಗುತ್ತದೆ.

ಇದೆಲ್ಲ ಸಮುದ್ರಮಟ್ಟದ ಗಾಳಿಯ ಲೆಕ್ಕ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ವಿಮಾನಯಾನದ ಪ್ರಮಾಣಿತ ಲೆಕ್ಕದಲ್ಲಿ ಅಷ್ಟು ಎತ್ತರಕ್ಕೆ 7-8 ಡಿಗ್ರಿ ಉಷ್ಣಾಂಶ ಇರಬೇಕು. ಮಾರ್ಚ್ ಮಧ್ಯಾಹ್ನ ಇರುವುದು 28. ಬಿಸಿ ಗಾಳಿ ತೆಳು. ಹಾಗಾಗಿ ವಿಮಾನಕ್ಕೆ ಅದು ಸುಮಾರು 1,900 ಮೀಟರ್ ಎತ್ತರದ ಗಾಳಿ. ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳು ಇರುವುದೇ 1,748 ಮೀಟರ್! ಗಾಳಿಯ ತೆಳುವಿಗೆ ತಕ್ಕಂತೆ ಲೆಕ್ಕ ಹಾಕಿದ ಆ 1,900 ಮೀಟರ್‌ಗೆ ಡೆನ್ಸಿಟಿ ಆಲ್ಟಿಟ್ಯೂಡ್ ಅನ್ನುತ್ತಾರೆ. ಮಳೆಗಾಲದ ಒದ್ದೆ ಗಾಳಿ ಭಾರ ಅನ್ನಿಸುತ್ತೆ ಅಲ್ವಾ? ಉಲ್ಟಾ. ನೀರಿನ ಅಣು ಸಾರಜನಕ, ಆಮ್ಲಜನಕದ ಅಣುಗಳಿಗಿಂತ ಹಗುರ, ಆದ್ದರಿಂದ ತೇವದ ಗಾಳಿ ಇನ್ನಷ್ಟು ತೆಳು. ಆದರೂ ಬಿಸಿಲಿನ ಪ್ರಭಾವದ ಮುಂದೆ ಅದು ಚಿಕ್ಕದು.

ಮೋಸ ಎಲ್ಲಿದೆ ಅಂದ್ರೆ, ವೇಗದ ಮುಳ್ಳು ಏನೂ ಹೇಳುವುದಿಲ್ಲ. ಅದು ಅಳೆಯುವುದು ಎದುರಿನಿಂದ ಬಡಿಯುವ ಗಾಳಿಯ ಒತ್ತಡವನ್ನು, ಹಾಗಾಗಿ ಸ್ಟಾಲ್ ಆಗುವ ಅಂಕಿಯೂ ಬದಲಾಗದು. ಆದರೆ ಮುಳ್ಳು 126 ತೋರಿಸುವಾಗ ವಿಮಾನ ನಿಜವಾಗಿ ಹೋಗುತ್ತಿರುವುದು 138ರಲ್ಲಿ. ಆ 125 ಮೀಟರ್ ತ್ರಿಜ್ಯ 150 ಆಗಿರುತ್ತದೆ. ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್‌ಗೂ ಉಸಿರು ಕಡಿಮೆ, ಪ್ರೊಪೆಲ್ಲರ್‌ಗೂ ಹಿಡಿತ ಕಡಿಮೆ. ನೆಲ ಬಿಡುವ ಮುಂಚಿನ ರನ್‌ವೇ ಓಟ ಉದ್ದವಾಗುತ್ತದೆ, ಏರುವುದು ನಿಧಾನವಾಗುತ್ತದೆ.

ಕೊಡಗಿನಲ್ಲಿ ವಿಮಾನ ನಿಲ್ದಾಣವಿಲ್ಲ. ಆದರೆ ಬೆಂಗಳೂರಿನ ಜಕ್ಕೂರಿನಲ್ಲಿ ಕಲಿತರೂ ನೀವು 900 ಮೀಟರ್ ಮೇಲೇ ಇರುತ್ತೀರಿ. ನಾಲ್ಕು ಸೀಟೂ ತುಂಬಿಸಿ, ಟ್ಯಾಂಕ್ ಪೂರ್ತಿ ಹಾಕಿ, ಏಪ್ರಿಲ್ ಮಧ್ಯಾಹ್ನ ಹೊರಡುವ ಮುಂಚೆ ಕೈಪಿಡಿಯ ಟೇಕ್‌ಆಫ್ ಪಟ್ಟಿಯಲ್ಲಿ ಆ ಹೊತ್ತಿನ ಉಷ್ಣಾಂಶದ ಸಾಲು ನೋಡಿ. ಓಟಕ್ಕೆ ಬೇಕಾದ ಜಾಗ ಸಾಲದಿದ್ದರೆ ಒಬ್ಬರನ್ನು ಇಳಿಸಿ, ಇಲ್ಲವೇ ಬೆಳಿಗ್ಗೆ ಆರೂವರೆಗೆ ಹೊರಡಿ.